ಫ್ಯಾಟಿಗೆ ಇನ್ನೊಂದು ದಶಮಾಂಶ

ಮಂಡ್ಯ ಕಡೆಯ ಹಳ್ಳಿ ಡೈರಿಗಳ ಹಾಲಿನ ಲೆಕ್ಕ ಇಡುವ ತಂತ್ರಾಂಶವೊಂದನ್ನು ಮೈಸೂರಿನಲ್ಲಿ ಕೂತು ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಮೈಎಸ್‌ಕ್ಯುಎಲ್ 8.0. ಬೆಳಿಗ್ಗೆ, ಸಂಜೆ ಹಾಲು ಹಾಕಿದವರಿಗೆಲ್ಲ ಖರೀದಿ ಟೇಬಲ್‌ನಲ್ಲಿ ಒಂದೊಂದು ಸಾಲು: ಲೀಟರ್, ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ. ವರ್ಷಗಟ್ಟಲೆ ಸೇರಿ ಟೇಬಲ್ ಕೋಟಿ ಸಾಲು ದಾಟಿದೆ.

ಹಾಲು ಪರೀಕ್ಷಿಸುವ ಹೊಸ ಅನಲೈಸರ್‌ಗಳು ಫ್ಯಾಟನ್ನು ಎರಡು ದಶಮಾಂಶದವರೆಗೆ ಕೊಡತೊಡಗಿದವು. ನಮ್ಮ ಕಾಲಂ ಡೆಸಿಮಲ್(3,1), ಅಂದರೆ ಒಟ್ಟು ಮೂರು ಅಂಕಿ, ಅದರಲ್ಲಿ ಒಂದೇ ದಶಮಾಂಶ. 4.37 ಬಂದರೆ ಅದು ತಕರಾರು ತೆಗೆಯದೆ 4.4 ಎಂದು ಬರೆದುಕೊಂಡು ಸುಮ್ಮನಾಗುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಎರರ್ ಬರುವುದೇ ವಾಸಿ.

ಇದ್ದ ಕಾಲಂನ ಟೈಪನ್ನೇ ಬದಲಿಸೋಣವೆಂದರೆ ಮೈಎಸ್‌ಕ್ಯುಎಲ್ ಇಡೀ ಟೇಬಲ್ ನಕಲು ಮಾಡುತ್ತದೆ. ಅದು ಮುಗಿಯುವವರೆಗೆ ಓದಬಹುದು, ಬರೆಯುವಂತಿಲ್ಲ. ಸಂಜೆ ಕ್ಯಾನ್ ಹಿಡಿದು ಜನ ಸಾಲುಗಟ್ಟಿರುವಾಗ ಸೆಕ್ರೆಟರಿ ಫೋನ್ ಮಾಡಿ 'ಸಾ, ಸ್ಲಿಪ್ಪೇ ಬರ್ತಿಲ್ವಲ್ಲ' ಎಂದರೆ ಏನು ಹೇಳಲಿ? ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಆಲ್ಟರ್ (ಟೇಬಲ್‌ನ ರಚನೆ ಬದಲಿಸುವ ಆಜ್ಞೆ) ಮಾಡಿದ್ದನ್ನು ರೋಲ್‌ಬ್ಯಾಕ್ ಮಾಡುವ, ಅಂದರೆ ಬೇಡವೆನಿಸಿದರೆ ಹಿಂತೆಗೆಯುವ ಸುಖವಿದೆ, ಮೈಎಸ್‌ಕ್ಯುಎಲ್‌ನಲ್ಲಿ ಅದಿಲ್ಲ. ಆದರೆ ದಶಮಾಂಶ ಹೆಚ್ಚಿಸಿದರೆ ಪೋಸ್ಟ್‌ಗ್ರೆಸ್‌ನಲ್ಲೂ ಟೇಬಲ್ ಪೂರ್ತಿ ಮತ್ತೆ ಬರೆಯಬೇಕು.

ಹಾಗಾಗಿ ಹಳೆಯದನ್ನು ಮುಟ್ಟದೆ ಜೊತೆಗೆ ಎರಡು ದಶಮಾಂಶದ ಹೊಸ ಕಾಲಂ ಸೇರಿಸಿದೆ. ಮೈಎಸ್‌ಕ್ಯುಎಲ್ 8.0.12ರಿಂದ ಇದು ಇನ್‌ಸ್ಟಂಟ್, ಕ್ಷಣದಲ್ಲಿ ಆಗುವ ಕೆಲಸ; ಸಾಲುಗಳನ್ನು ಮುಟ್ಟುವುದೇ ಇಲ್ಲ. ಅದಕ್ಕೂ ಮೊದಲು ಕಾಲಂ ಹೆಸರು ಹಾಕದೆ ಇನ್ಸರ್ಟ್ (ಹೊಸ ಸಾಲು ಸೇರಿಸುವ ಆಜ್ಞೆ) ಬರೆದಿದ್ದ ಕಡೆಗಳನ್ನೆಲ್ಲ ಹುಡುಕಿ ಸರಿಪಡಿಸಿದೆ. ಕಾಲಂ ಒಂದು ಹೆಚ್ಚಾದರೂ ಅವು ಎರರ್ ಹೊಡೆಯುತ್ತವೆ.

ಇನ್‌ಸ್ಟಂಟ್ ಎಂದಾಕ್ಷಣ ನಿಶ್ಚಿಂತೆಯಲ್ಲ. ಕ್ಷಣಮಾತ್ರಕ್ಕಾದರೂ ಆಲ್ಟರ್‌ಗೆ ಟೇಬಲ್‌ನ ಮೆಟಾಡೇಟಾ ಲಾಕ್ (ರಚನೆಯ ಮೇಲಿನ ಬೀಗ) ಬೇಕು. ಬಟವಾಡೆಯ ದೊಡ್ಡ ರಿಪೋರ್ಟ್ ಯಾವುದಾದರೂ ಓಡುತ್ತಿದ್ದರೆ ಆಲ್ಟರ್ ಅದಕ್ಕೆ ಕಾಯುತ್ತದೆ, ಆಲ್ಟರ್‌ನ ಹಿಂದೆ ಮಿಕ್ಕ ಕ್ವೆರಿಗಳೆಲ್ಲ ಕಾಯುತ್ತವೆ, ಬರೀ ಓದುವ ಸೆಲೆಕ್ಟ್ ಕೂಡ. ಲಾಕ್‌ಗೆ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಲಾಕ್_ವೇಟ್_ಟೈಮ್‌ಔಟ್‌ನ ಡಿಫಾಲ್ಟ್ 31536000 ಸೆಕೆಂಡ್, ಅಂದರೆ ಭರ್ತಿ ಒಂದು ವರ್ಷ! ನನ್ನ ಸೆಷನ್‌ನಲ್ಲಿ ಅದನ್ನು 5ಕ್ಕೆ ಇಳಿಸಿ, ಹಾಲಿನ ಗಲಾಟೆ ಇಲ್ಲದ ಮಧ್ಯಾಹ್ನ ಓಡಿಸಿದೆ. ಸಿಗದಿದ್ದರೆ ಬಿಟ್ಟು, ಸ್ವಲ್ಪ ಹೊತ್ತಿಗೆ ಮತ್ತೆ.

ನಿಜವಾದ ತಲೆನೋವು ಡೈರಿಗಳ ಕಂಪ್ಯೂಟರ್‌ಗಳದು. ಟೇಬಲ್ ಒಂದೇ, ಅದಕ್ಕೆ ಬರೆಯುವ ಪ್ರೋಗ್ರಾಂ ಊರಿಗೊಂದು ವರ್ಷನ್. ಎಷ್ಟೋ ಕಡೆ ಹಾಲು ಅಳೆಯುವ ಹೊತ್ತಿಗೆ ಮಾತ್ರ ಕಂಪ್ಯೂಟರ್ ಆನ್ ಆಗುತ್ತದೆ, ಅಪ್‌ಡೇಟ್‌ಗೆ ಯಾರಿಗೂ ಪುರುಸೊತ್ತಿಲ್ಲ. ಹಳೇ ವರ್ಷನ್‌ಗೆ ಹೊಸ ಕಾಲಂ ಇರುವುದೇ ಗೊತ್ತಿಲ್ಲ. ಹೊಸದು ಖಾಲಿ ಬಂದರೆ ಹಳೆಯ ಫ್ಯಾಟನ್ನೇ ಅಲ್ಲಿಗೂ ಹಾಕುವ ಒಂದು ಟ್ರಿಗರ್ (ಸಾಲು ಬಂದಾಗ ಡೇಟಾಬೇಸ್ ತಾನಾಗಿ ಓಡಿಸುವ ಕೋಡ್) ಬರೆದೆ. ನನಗೆ ಟ್ರಿಗರ್ ಕಂಡರಾಗದು, ಇಲ್ಲಿ ಬೇರೆ ದಾರಿಯಿರಲಿಲ್ಲ.

ಹಿಂದಿನ ಸಾಲುಗಳನ್ನು ಐಡಿ ಪ್ರಕಾರ ಸಣ್ಣ ಸಣ್ಣ ಕಂತಿನಲ್ಲಿ ತುಂಬಿಸಿದೆ. ರೆಪ್ಲಿಕಾ (ಡೇಟಾಬೇಸ್‌ನ ಜೊತೆಜೊತೆಗೆ ಓಡುವ ನಕಲು) ಹಿಂದೆ ಬಿದ್ದರೆ ನಿಲ್ಲಿಸುತ್ತಿದ್ದೆ. 4.4 ಇದ್ದದ್ದು 4.40 ಆಯಿತು, ಅಷ್ಟೇ. ಹೋದ ದಶಮಾಂಶ ವಾಪಸ್ ಬರುವುದಿಲ್ಲ. ಎರಡೂ ಕಾಲಂ ತಾಳೆಯಾದ ಮೇಲೆ ಬಿಲ್ಲು, ರಿಪೋರ್ಟ್‌ಗಳನ್ನು ಹೊಸದಕ್ಕೆ ತಿರುಗಿಸಿದೆ.

ಹಳೇ ಕಾಲಂ ತೆಗೆಯುವುದೂ 8.0.29ರಿಂದ ಇನ್‌ಸ್ಟಂಟ್. ಆದರೆ ಕೆಲವು ಊರುಗಳು ಇನ್ನೂ ಹಳೇ ವರ್ಷನ್‌ನಲ್ಲೇ ಇವೆ, ಆಡಿಟ್ ಬೇರೆ ಬಾಕಿ. ಎರಡೂ ಮುಗಿಯುವವರೆಗೆ ಕಾಲಂ, ಟ್ರಿಗರ್ ಎರಡನ್ನೂ ಹಾಗೇ ಬಿಟ್ಟಿದ್ದೇನೆ.