ಕೇತೇನಹಳ್ಳಿ ಜಲಪಾತಕ್ಕೆ ಹೊರಟವರಿಗೆ ಒಂದು ಮಾತು

ಚಿಕ್ಕಬಳ್ಳಾಪುರದ ಹತ್ತಿರ ಇರುವ ಕೇತೇನಹಳ್ಳಿ ಜಲಪಾತ ಮಳೆಗಾಲದ್ದು. ಬೇಸಿಗೆಯಲ್ಲಿ ಹೋದರೆ ಸುಮ್ನೆ ಬಂಡೆ ನೋಡಿಕೊಂಡು ಬರಬೇಕು. ಒಳ್ಳೆ ಮಳೆ ಬಿದ್ದ ಮಾರನೇ ದಿನ ಹೋಗಿ. ನಮ್ಮ ಕಡೆಯ ಬೆಟ್ಟಗಳು ಹೆಚ್ಚಾಗಿ ಬೋಳು ಬಂಡೆ, ಮಲೆನಾಡಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುವ ದಟ್ಟ ಕಾಡಿಲ್ಲ. ಹಾಗಾಗಿ ನೀರು ಬೇಗ ಬರುತ್ತದೆ, ಬೇಗ ಇಳಿದೂ ಹೋಗುತ್ತದೆ.

ಅಪಾಯ ಇರುವುದೂ ಅಲ್ಲೇ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿಯಾಗಿದ್ದ ನೀರು ಕೆಂಪಗಾಯಿತು, ಕಸಕಡ್ಡಿ ತೇಲಿ ಬಂತು ಅಂದರೆ ಫೋಟೊ ಬಿಟ್ಟು ಮೊದಲು ದಡ ಹತ್ತಿ.

ಬಂಡೆಯ ಬಣ್ಣ ನೋಡಿ ಹೆಜ್ಜೆ ಇಡಿ. ಒಣಗಿ ಬೆಳ್ಳಗೆ ಕಾಣುವ ಕಡೆ ಕಾಲು ನಿಲ್ಲುತ್ತದೆ. ಕಪ್ಪಗೆ, ಹಸಿರಾಗಿ ಮಿಂಚುವ ಕಡೆ ಪಾಚಿ ಇರುತ್ತದೆ. ಒಮ್ಮೆ ಸವೆದ ಚಪ್ಪಲಿ ಹಾಕಿಕೊಂಡು ಹೋಗಿ ನಾನೇ ಜಾರಿ ಬಿದ್ದಿದ್ದೆ. ಮೊಣಕೈ ಚರ್ಮ ಕಿತ್ತು ಬಂತು, ಚಿತ್ರಾನ್ನದ ಡಬ್ಬಿ ಹಳ್ಳ ಸೇರಿತು. ಡಬ್ಬಿಗೇ ಮನೆಯಲ್ಲಿ ಜಾಸ್ತಿ ಬೈಗುಳ ಬಿತ್ತು! ಹಿಡಿತ ಇರುವ ಶೂ ಹಾಕಿಕೊಳ್ಳಿ. ಇಳಿಯುವಾಗ ಅನುಮಾನ ಬಂದರೆ ಕುಂಡಿ ಊರಿ ಜಾರಿಕೊಂಡೇ ಇಳಿಯಿರಿ, ನಾಚಿಕೆ ಏನಿದೆ ಅಲ್ವಾ?

ನೀರು ಬೀಳುವ ಗುಂಡಿಗೆ ಮೇಲಿನಿಂದ ಹಾರಬೇಡಿ, ಒಳಗೆ ಕಲ್ಲು ಎಲ್ಲಿದೆ ಅಂತ ಕಾಣುವುದಿಲ್ಲ. ಭಾನುವಾರ ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗುವುದು ವಾಸಿ. ಫೋನಿಗೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ವಾಪಸ್ ಬರುವಾಗ ಅದೇ ಕವರ್‌ನಲ್ಲಿ ನಿಮ್ಮ ಕಸ ತುಂಬಿಕೊಂಡು ಬನ್ನಿ.