ಅಟ್ಟ ಸೇರಿದ ಕಬ್ಬೆಕ್ಕನ್ನು ಹೊರಗೆ ಕಳಿಸುವುದು ಹೇಗೆ?

ಮಲೆನಾಡು, ಕೊಡಗು, ಕರಾವಳಿಯ ಹೆಂಚಿನ ಮನೆಗಳಲ್ಲಿ ಕತ್ತಲಾದ ಮೇಲೆ ಮುಚ್ಚಿಗೆಯ ಮೇಲೆ ಧಡಧಡ ಸದ್ದು, ಬೆಳಗಿನ ಜಾವ ಮತ್ತೆ ಅದೇ ಸದ್ದು ಕೇಳುತ್ತಿದೆ ಎಂದರೆ ಬಹುತೇಕ ಕಬ್ಬೆಕ್ಕು ಬಿಡಾರ ಹೂಡಿದೆ ಎಂದೇ ಅರ್ಥ. ಕೆಲವೆಡೆ ಇದನ್ನು ಪುನುಗಿನ ಬೆಕ್ಕು ಎನ್ನುತ್ತಾರೆ. ನಿದ್ದೆಗೆಟ್ಟ ಮನೆಯವರಿಗೆ ಮೊದಲು ನೆನಪಾಗುವುದು ಇಲಿ ಪಾಷಾಣ, ಇಲ್ಲವೇ ಬೋನು. ದಯವಿಟ್ಟು ಎರಡನ್ನೂ ಕೈಬಿಡಿ. ಈ ಪ್ರಾಣಿ ರಾತ್ರಿ ತಾನಾಗಿಯೇ ಹೊರಗೆ ಹೋಗುತ್ತದೆ. ಹೋದಾಗ ದಾರಿ ಮುಚ್ಚಿದರೆ ಕೆಲಸ ಮುಗಿಯಿತು. ಆದರೆ ಹಾಗೆ ಮುಚ್ಚುವುದಕ್ಕೆ ಒಂದು ಕ್ರಮವಿದೆ, ಅದು ತಪ್ಪಿದರೆ ಮರಿಗಳು ಅಟ್ಟದಲ್ಲೇ ಹಸಿದು ಸಾಯುತ್ತವೆ.

ಮೊದಲು ಬಂದಿರುವುದು ಯಾರೆಂದು ತಿಳಿಯಿರಿ

ಪರಪರ ಕೆರೆಯುವ ಸದ್ದು, ಮರ ಕಡಿದ ಗುರುತು, ಅಕ್ಕಿಕಾಳಿನಂಥ ಕಪ್ಪು ಹಿಕ್ಕೆ ಇದ್ದರೆ ಇಲಿ. ಹಗಲು ಹೊತ್ತಿನಲ್ಲಿ ಹೆಂಚು ಉರುಳಿದರೆ ಮಂಗ. ಸಂಜೆ ಮತ್ತು ಬೆಳಗಿನ ಜಾವ ಭಾರವಾದ ಹೆಜ್ಜೆ ಕೇಳಿಸಿ, ನಡುವೆ ಮೌನವಿದ್ದರೆ ಕಬ್ಬೆಕ್ಕು. ಇನ್ನೂ ಅನುಮಾನವಿದ್ದರೆ ಅದರ ಹಿಕ್ಕೆ ನೋಡಿ. ಕಾಂಪೌಂಡ್ ಗೋಡೆಯ ಮೇಲೆ, ಹೆಂಚಿನ ಮೇಲೆ, ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವಂತೆಯೇ ಅದು ಹಿಕ್ಕೆ ಹಾಕುವುದು. ಬೆರಳಿನ ಗಾತ್ರದ ಆ ಹಿಕ್ಕೆಯಲ್ಲಿ ಬೀಜಗಳು ಇಡಿಯಾಗಿಯೇ ಉಳಿದಿರುತ್ತವೆ. ಕಾಫಿ ಹಣ್ಣಿನ ಕಾಲದಲ್ಲಾದರೆ ಸಿಪ್ಪೆ ಕಳೆದ ಕಾಫಿ ಬೀಜಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿ ಬಿದ್ದಿರುತ್ತವೆ. ಬೇರೆ ದಿನಗಳಲ್ಲಿ ಬೈನೆ ಮರದ ಬೀಜ, ಪಪ್ಪಾಯಿ ಬೀಜ, ಅತ್ತಿಯ ಸಣ್ಣ ಕಾಳು. ಬೈನೆ ಹಣ್ಣು ನಮ್ಮ ಕೈಗೆ ತಾಗಿದರೆ ತುರಿಕೆ ತಡೆಯಲಾಗುವುದಿಲ್ಲ, ಇದು ಅದನ್ನೇ ತಿಂದು ಗುಡ್ಡದುದ್ದಕ್ಕೂ ಬೀಜ ಬಿತ್ತುತ್ತದೆ. ಇಲಿಗಳನ್ನೂ ಹಿಡಿಯುತ್ತದೆ. ತೋಟದವರು ಇದನ್ನು ಬರೀ ಕಳ್ಳ ಎಂದು ನೋಡುವುದು ನ್ಯಾಯವಲ್ಲ.

ಪಾಷಾಣ, ಬೋನು ಏಕೆ ಬೇಡ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಬ್ಬೆಕ್ಕನ್ನು ರಕ್ಷಿಸುತ್ತದೆ. ಕೊಲ್ಲುವುದಷ್ಟೇ ಅಲ್ಲದೆ, ವಿಷ ಇಡುವುದು, ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು ಕೂಡ ಆ ಕಾಯ್ದೆಯ ಪ್ರಕಾರ ಬೇಟೆಯೇ. ಅನುಮತಿ ಇಲ್ಲದೆ ಮಾಡಿದರೆ ಜೈಲು, ದಂಡ ಎರಡಕ್ಕೂ ಅವಕಾಶವಿದೆ. ಕಾನೂನು ಬದಿಗಿಟ್ಟರೂ ಪಾಷಾಣ ತಿಂದ ಪ್ರಾಣಿ ಕೈಗೆಟುಕದ ಮೂಲೆಯಲ್ಲಿ ಸತ್ತು ಕೊಳೆತರೆ ಮನೆಯಲ್ಲಿ ಇರಲಿಕ್ಕಾಗುವುದಿಲ್ಲ. ವಿಷ ನಾಯಿಯ ಬಾಯಿಗೆ ಬಿದ್ದರೆ ಅದೂ ಹೋಯಿತು. ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟರೂ ಸಂದಿ ತೆರೆದೇ ಇರುತ್ತದೆ, ಇನ್ನೊಂದು ಬಂದು ಸೇರಿಕೊಳ್ಳುತ್ತದೆ.

ದಾರಿ ಹುಡುಕುವುದು

ಹಗಲಿನಲ್ಲಿ ಮನೆಯ ಸುತ್ತ ಒಂದು ಸುತ್ತು ಹಾಕಿ. ಸೂರಿನ ಕೆಳಗೆ ಗೋಡೆ ಮತ್ತು ಪಕಾಸಿ ಸೇರುವ ಜಾಗ, ಜಾರಿದ ಹೆಂಚು, ಎರಡು ಮಾಡುಗಳ ತುದಿಯಲ್ಲಿ ಬರುವ ತ್ರಿಕೋನದ ಗೋಡೆಯ ಕಿಂಡಿ, ಬಚ್ಚಲುಮನೆಯ ಹೊಗೆ ಕಿಂಡಿ, ಒಂದನ್ನೂ ಬಿಡದೆ ನೋಡಿ. ತಲೆ ತೂರುವಷ್ಟು ಸಂದಿ ಸಿಕ್ಕಿದರೆ ಸಾಕು, ಮೈಯನ್ನೂ ತೂರಿಸುತ್ತದೆ. ದಿನಾ ಓಡಾಡುವ ಕಡೆ ಸುಣ್ಣದ ಗೋಡೆಗೆ ಎಣ್ಣೆಜಿಡ್ಡಿನಂಥ ಕಪ್ಪು ಕಲೆ ಹಿಡಿದಿರುತ್ತದೆ, ಕೂದಲೂ ಸಿಗಬಹುದು. ಅನುಮಾನ ಬಂದ ಕಿಂಡಿಯ ಬಳಿ ಒಲೆಯ ಬೂದಿ ತೆಳ್ಳಗೆ ಹರಡಿ. ಬೆಳಗ್ಗೆ ಹೆಜ್ಜೆ ಮೂಡಿದ್ದರೆ ಅದೇ ದಾರಿ.

ಅದು ಸೂರಿನವರೆಗೆ ಏರಿ ಬಂದದ್ದು ಹೇಗೆ ಎಂದೂ ನೋಡಿಕೊಳ್ಳಿ. ಮಾಡಿನ ಮೇಲೆ ಬಾಗಿದ ಮಾವಿನ ಕೊಂಬೆ, ಗೋಡೆಗೆ ಒರಗಿದ ಸೌದೆ ರಾಶಿ, ಕೇಬಲ್ ತಂತಿ, ಎಲ್ಲವೂ ಅದಕ್ಕೆ ಏಣಿ. ಕೊಂಬೆಗಳನ್ನು ಮಾಡಿನಿಂದ ಎಂಟು ಹತ್ತು ಅಡಿ ದೂರ ಇರುವಂತೆ ಸವರಿಸಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಯಾದರೆ ನೀವೇ ಕತ್ತಿ ಹಿಡಿದು ಹತ್ತಬೇಡಿ, ಲೈನ್‌ಮನ್‌ಗೆ ಹೇಳಿ.

ಮರಿಗಳಿವೆಯೇ?

ಈ ಹಂತವನ್ನು ಯಾರೂ ದಾಟಿಹೋಗಬಾರದು. ಕಬ್ಬೆಕ್ಕು ಅಟ್ಟ ಹುಡುಕಿಕೊಂಡು ಬರುವುದು ಎಷ್ಟೋ ಸಲ ಮರಿ ಹಾಕುವುದಕ್ಕೇ. ಒಂದು ಸೂಲಿಗೆ ಎರಡರಿಂದ ಐದು ಮರಿ. ವರ್ಷದ ಯಾವ ಕಾಲದಲ್ಲಾದರೂ ಹಾಕಬಹುದು, ಹಾಗಾಗಿ ತಿಂಗಳು ನೋಡಿ ನಿರ್ಧರಿಸಲಾಗದು. ಹಗಲು ಮನೆಯಲ್ಲಿ ಗಲಾಟೆ ಇಲ್ಲದ ಹೊತ್ತು ಮುಚ್ಚಿಗೆಯ ಕೆಳಗೆ ನಿಂತು ಕಿವಿಗೊಡಿ. ಸಣ್ಣಗೆ ಕುಂಯ್‌ಗುಡುವ ಸದ್ದು ಬಂದರೆ ಮರಿಗಳಿವೆ. ಹಾಗಿದ್ದರೆ ಕಾಯಲೇಬೇಕು. ಸುಮಾರು ಮೂರು ತಿಂಗಳಲ್ಲಿ ಅವು ತಾಯಿಯ ಹಿಂದೆ ಹೊರಗೆ ತಿರುಗತೊಡಗುತ್ತವೆ. ಅಷ್ಟು ತಾಳಲಾರದವರು ಅಟ್ಟದಲ್ಲಿ ಒಂದು ಬಲ್ಬ್ ಉರಿಸಿ, ಹಗಲು ರೇಡಿಯೊ ಹಾಕಿಡಿ. ಕೆಲವೊಮ್ಮೆ ತಾಯಿಯೇ ಮರಿಗಳನ್ನು ಕಚ್ಚಿಕೊಂಡು ಬೇರೆ ಜಾಗ ಹುಡುಕಿ ಹೋಗುತ್ತದೆ. ಮರಿಗಳನ್ನು ಕೈಯಲ್ಲಿ ಎತ್ತಲು ಮಾತ್ರ ಹೋಗಬೇಡಿ, ತಾಯಿ ಕಚ್ಚದೆ ಬಿಡುವುದಿಲ್ಲ. ತಾಯಿ ಸತ್ತು ಮರಿಗಳು ಒಂಟಿಯಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಮುಚ್ಚುವ ಕೆಲಸ

ಮರಿಗಳಿಲ್ಲ ಎಂದು ಖಾತ್ರಿಯಾದ ಮೇಲೆ ಮುಖ್ಯ ದಾರಿ ಒಂದನ್ನು ಬಿಟ್ಟು ಉಳಿದ ಸಂದಿಗಳನ್ನೆಲ್ಲ ಹಗಲಿನಲ್ಲೇ ಮುಚ್ಚಿ. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ತಂದರೆ ಇಲಿಗೂ ತಡೆಯಾಗುತ್ತದೆ, ಗಾಳಿಯೂ ಆಡುತ್ತದೆ. ಕೋಳಿಗೂಡಿಗೆ ಕಟ್ಟುವ ತೆಳು ಬಲೆ ಬೇಡ, ಅದು ಬೇಗ ತುಕ್ಕು ಹಿಡಿದು ಹರಿಯುತ್ತದೆ. ಮೆಶ್ಶನ್ನು ಪಕಾಸಿಗೆ ಮೊಳೆ ಹೊಡೆದು, ಗೋಡೆಯ ಕಡೆ ಸಿಮೆಂಟಿನಲ್ಲಿ ಕೂರಿಸಿ.

ಉಳಿದ ಆ ಒಂದು ದಾರಿಗೆ ಸಂಜೆ ಕಾವಲು. ಅದು ಹೊರಟದ್ದನ್ನು ಕಣ್ಣಾರೆ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಕಿಂಡಿಯನ್ನು ಹಳೆಯ ಪತ್ರಿಕೆಯ ಉಂಡೆಗಳಿಂದ ಸಡಿಲವಾಗಿ ತುಂಬಿ. ಬೆಳಗ್ಗೆ ಉಂಡೆಗಳು ಹೊರಗೆ ಬಿದ್ದಿದ್ದರೆ ಒಳಗೆ ಇನ್ನೊಂದಿದೆ. ಒಳಗೆ ಬಿದ್ದಿದ್ದರೆ ಹೋದದ್ದೇ ವಾಪಸು ಬಂದಿದೆ. ಹಾಗಾದಾಗ ಮರುದಿನ ಸಂಜೆ ಮತ್ತೆ ಕಾದು ನೋಡಿ. ಎರಡು ಮೂರು ರಾತ್ರಿ ಉಂಡೆ ಅಲುಗದಿದ್ದರೆ ಮೆಶ್ ಹೊಡೆದು ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವಾಗಲೇ ಈ ಕೆಲಸ ಇಟ್ಟುಕೊಂಡರೆ ಒಂದೇ ಖರ್ಚಿನಲ್ಲಿ ಎರಡೂ ಆಗುತ್ತದೆ.

ಅಟ್ಟದ ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ ನೆನೆಸಿದ ಮೇಲೆ ತೆಗೆದು ಗುಂಡಿಯಲ್ಲಿ ಹೂಳಿ.

ಅಂಗಳದ ಕಡೆಗೂ ಗಮನವಿರಲಿ

ಕೋಳಿಗಳನ್ನು ಕತ್ತಲಾಗುವ ಮೊದಲೇ ಗೂಡಿಗೆ ಸೇರಿಸಿ ಚಿಲಕ ಹಾಕಿ. ಪಪ್ಪಾಯಿಯನ್ನು ಮೊದಲ ಹಳದಿ ಗೆರೆ ಕಂಡಾಗಲೇ ಕೊಯ್ಯಿರಿ, ಬಾಳೆಗೊನೆಗೆ ಗೋಣಿ ಕಟ್ಟಿ. ಒಂಟಿಯಾಗಿ ನಿಂತ ತೆಂಗು, ಪಪ್ಪಾಯಿ ಮರಗಳಿಗೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನಯವಾದ ತಗಡು ಸುತ್ತಿದರೆ ಇಲಿಯೂ ಕಬ್ಬೆಕ್ಕೂ ಹತ್ತಲಾರವು. ಪಕ್ಕದ ಮರದ ಕೊಂಬೆ ತಾಗುತ್ತಿದ್ದರೆ ತಗಡು ಹಾಕಿಯೂ ಪ್ರಯೋಜನವಿಲ್ಲ. ನಾಯಿಗೆ ಹಾಕಿದ ಅನ್ನ ರಾತ್ರಿಯಿಡೀ ಅಂಗಳದಲ್ಲಿ ಉಳಿಯುವಂತಿಲ್ಲ. ಕಬ್ಬೆಕ್ಕು, ಇಲಿ, ಕಾಡುಹಂದಿ ಎಲ್ಲವನ್ನೂ ಕರೆಯುವುದು ಅದೇ.

ಮಂಗಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಮನೆ ಅಥವಾ ತೋಟದ ಹತ್ತಿರ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ, ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಯಾವುದೇ ಕಾಡುಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ಗಾಯ ಎಷ್ಟೇ ಸಣ್ಣದಿರಲಿ, ಆ ದಿನವೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರುಮಾಡಿಸಿ. ಕಚ್ಚಿದ್ದು ಕಾಡುಪ್ರಾಣಿ ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಬೇಕಾಗುತ್ತದೆ.