ಹಾಲಿನ ಲೆಕ್ಕದಲ್ಲಿ ಹನ್ನೊಂದು ದಿನ ಎಲ್ಲಿ ಹೋದವು? ಎಕ್ಸೆಲ್‌ನಿಂದ ತಾರೀಖು ಓದಿದ ನನ್ನ ಅನುಭವ

ನಮ್ಮೂರಿನ ಹಾಲಿನ ಡೈರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಡೈರಿಯ ಕಾರ್ಯದರ್ಶಿ ನನಗೆ ಸಂಬಂಧದಲ್ಲಿ ಮಾವ ಆಗಬೇಕು. ದಿನಾ ಬೆಳಿಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು ಅಂತ ಮೊದಲು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಎಕ್ಸೆಲ್‌ಗೆ ಹಾಕುತ್ತಾರೆ. ಬಿಲ್ ತೆಗೆಯುವುದಕ್ಕೆ ಒಂದು ರಾತ್ರಿ ಪೂರ್ತಿ ಹೋಗುತ್ತಿತ್ತು. ಅದಕ್ಕೇ 2024ರ ಮಾರ್ಚ್‌ನಲ್ಲಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಓಪನ್‌ಪೈಎಕ್ಸೆಲ್ ಲೈಬ್ರರಿಯಿಂದ ಶೀಟ್ ತೆರೆಯುವುದು, ಬಟವಾಡೆಯ ಅವಧಿಗೆ ಸೇರಿದ ಸಾಲುಗಳನ್ನು ಆರಿಸುವುದು, ಸದಸ್ಯರ ನಂಬರ್ ಪ್ರಕಾರ ಮೊತ್ತ ಕೂಡುವುದು. ಅಷ್ಟೇ ಕೆಲಸ.

ಮಾರ್ಚ್ 16ರಿಂದ 31ರವರೆಗಿನ ಶೀಟ್ ಕೊಟ್ಟು ಪರೀಕ್ಷೆ ಮಾಡಿದೆವು. ಮಾವನ ಕೈಲೆಕ್ಕಕ್ಕೂ ಪ್ರೋಗ್ರಾಂನ ಲೆಕ್ಕಕ್ಕೂ ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಸರಿ, ಏಪ್ರಿಲ್‌ನಿಂದ ಇದರಲ್ಲೇ ಬಿಲ್ ತೆಗೆಯೋಣ ಅಂತ ಮಾತಾಯಿತು.

ಏಪ್ರಿಲ್ ಮೊದಲ ಹದಿನೈದು ದಿನದ ಬಿಲ್ ತೆಗೆದ ರಾತ್ರಿ ಮಾವನ ಫೋನ್ ಬಂತು. "ಏನಪ್ಪಾ, ಹದಿನೈದು ದಿನ ಹಾಲು ಹಾಕಿದವರಿಗೆಲ್ಲ ನಾಲ್ಕೇ ದಿನದ ದುಡ್ಡು ಬಂದಿದೆಯಲ್ಲ?"

ನನಗೆ ಎದೆ ಧಸಕ್ಕೆಂದಿತು. ಹಾಲಿನ ದುಡ್ಡು ಅಂದರೆ ಎಷ್ಟೋ ಮನೆಗಳಲ್ಲಿ ಅಂಗಡಿ ಸಾಲ ತೀರಿಸುವ, ಹಿಂಡಿ ತರುವ ದುಡ್ಡು. ಫೈಲ್ ಕಳಿಸಿ ಅಂದೆ. ತೆರೆದು ನೋಡಿದರೆ ಸಾಲುಗಳೆಲ್ಲ ಇವೆ, ಲೀಟರ್, ಫ್ಯಾಟ್ ಎಲ್ಲ ಸರಿಯಾಗಿದೆ. ಪ್ರೋಗ್ರಾಂ ಆರಿಸಿಕೊಂಡದ್ದು ಮಾತ್ರ 4, 13, 14, 15ನೇ ತಾರೀಖಿನ ಸಾಲುಗಳನ್ನು. ಮಿಕ್ಕ ಹನ್ನೊಂದು ದಿನ ಮಾಯ.

ಫೋನ್ ಇಡದೆ ಕೇಳಿದೆ: "ಮಾವ, ಮೊದಲನೇ ಸಾಲಿನ ತಾರೀಖು ಓದಿ." "1/4/2024" ಅಂದರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲಿನ ಅದೇ ಸೆಲ್‌ನಲ್ಲಿ 04-01-2024 ಅಂತಿತ್ತು. "13ನೇ ತಾರೀಖಿನದು ಓದಿ." "13/04/2024." ಅದು ನನ್ನಲ್ಲೂ ಹಾಗೆಯೇ ಇತ್ತು. ಒಂದೇ ಫೈಲು, ಒಂದೇ ಕಾಲಂ. ಒಂದು ತಾರೀಖು ಇಬ್ಬರಿಗೂ ಬೇರೆ ಬೇರೆ ಕಾಣುತ್ತದೆ, ಇನ್ನೊಂದು ಇಬ್ಬರಿಗೂ ಒಂದೇ ಥರ. ಗಂಟು ಇರುವುದು ಇಲ್ಲೇ ಅಂತ ಆಗಲೇ ಗೊತ್ತಾಯಿತು.

ಎಕ್ಸೆಲ್ ಉಳಿಸುವ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಅಂದರೆ ಹಲವು ಫೈಲುಗಳನ್ನು ಕಟ್ಟಿಟ್ಟ ಒಂದು ಜಿಪ್ ಫೈಲು. ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಗೆ ಜಿಪ್ ಅಂತ ಹಾಕಿ ಬಿಚ್ಚಿದರೆ ಒಳಗೆ ಪ್ರತಿ ಶೀಟಿಗೂ ಒಂದೊಂದು ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಮೊದಲ ಸಾಲಿನ ತಾರೀಖಿನ ಜಾಗದಲ್ಲಿ ಅಲ್ಲಿದ್ದದ್ದು 45295 ಎಂಬ ಸಂಖ್ಯೆ. ತಾರೀಖು ಇಲ್ಲ, ತಿಂಗಳಿಲ್ಲ, ಬರೀ ಸಂಖ್ಯೆ. 1900ರ ಜನವರಿ 1 ಅನ್ನು 1 ಅಂತ ಇಟ್ಟುಕೊಂಡು ಎಕ್ಸೆಲ್ ದಿನ ಎಣಿಸುತ್ತಾ ಬರುತ್ತದೆ. 2024ರ ಏಪ್ರಿಲ್ 1 ಆಗಿದ್ದರೆ 45383 ಇರಬೇಕಿತ್ತು. 45295 ಅಂದರೆ ಜನವರಿ 4. ಎರಡನೇ ತಾರೀಖಿನ ಸೆಲ್‌ನಲ್ಲಿ 45326, ಅಂದರೆ ಫೆಬ್ರವರಿ 4. ಮೂರನೆಯದು ಮಾರ್ಚ್ 4. ಹೀಗೆ ಪ್ರತಿ ತಿಂಗಳ ನಾಲ್ಕನೇ ತಾರೀಖು, ಡಿಸೆಂಬರ್ 4ರವರೆಗೆ.

ಆಗಿದ್ದು ಇಷ್ಟು. ಮಾವನ ಕಂಪ್ಯೂಟರ್‌ನ ವಿಂಡೋಸ್‌ನಲ್ಲಿ ರೀಜನ್ ಅಮೆರಿಕ ಅಂತಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮಾವ 01/04/2024 ಅಂತ ಟೈಪ್ ಮಾಡಿ ಎಂಟರ್ ಒತ್ತಿದಾಗ ಎಕ್ಸೆಲ್ ಅದನ್ನು ಜನವರಿ 4 ಅಂತ ತಿಳಿದುಕೊಂಡಿತು. 12/04 ಡಿಸೆಂಬರ್ 4 ಆಯಿತು. 04/04 ಮಾತ್ರ ಹೇಗೆ ಓದಿದರೂ ಏಪ್ರಿಲ್ 4, ಅದಕ್ಕೇ ಉಳಿದುಕೊಂಡಿತು. 13/04 ಬಂದಾಗ ಹದಿಮೂರನೇ ತಿಂಗಳು ಅಂತ ಇಲ್ಲವಲ್ಲ, ಎಕ್ಸೆಲ್ ಅದನ್ನು ತಾರೀಖು ಅಂತಲೇ ಒಪ್ಪಲಿಲ್ಲ. ಸುಮ್ನೆ ಅಕ್ಷರವಾಗಿ, ಅಂದರೆ ಪಠ್ಯವಾಗಿ ಇಟ್ಟುಕೊಂಡಿತು. ಅದನ್ನು ನನ್ನ ಪ್ರೋಗ್ರಾಂ ದಿನ ಮೊದಲು ಅಂತ ಸರಿಯಾಗಿಯೇ ಓದಿತು.

ಮಾರ್ಚ್ ಪರೀಕ್ಷೆ ಯಾಕೆ ಪಾಸಾಯಿತು ಅಂತ ಈಗ ಹೊಳೆಯಿತು ಅಲ್ವಾ? 16ರಿಂದ 31ರವರೆಗೆ ಎಲ್ಲ ತಾರೀಖೂ ಹನ್ನೆರಡಕ್ಕಿಂತ ಜಾಸ್ತಿ. ಎಲ್ಲವೂ ಪಠ್ಯ. ತಪ್ಪಾಗುವುದಕ್ಕೆ ಜಾಗವೇ ಇರಲಿಲ್ಲ.

ಸಂಖ್ಯೆಗೆ ತಾರೀಖಿನ ವೇಷ ಹಾಕುವುದು ಸೆಲ್‌ನ ಫಾರ್ಮ್ಯಾಟ್. ಇಲ್ಲಿದ್ದದ್ದು ಎಕ್ಸೆಲ್‌ನಲ್ಲೇ ಇರುವ 14ನೇ ನಂಬರಿನ ಫಾರ್ಮ್ಯಾಟ್. ನೋಡುವವರ ಕಂಪ್ಯೂಟರ್‌ನ ಸೆಟ್ಟಿಂಗ್ ಹೇಗಿದೆಯೋ ಅದು ಹಾಗೆ ಕಾಣುತ್ತದೆ. ಮಾವನಿಗೆ 1/4, ನನಗೆ 04-01 ಕಂಡದ್ದು ಅದಕ್ಕೇ. ಇನ್ನೊಂದು ಗುರುತೂ ಇತ್ತು. ಅಲೈನ್‌ಮೆಂಟ್ ಮುಟ್ಟದಿದ್ದರೆ ನಿಜವಾದ ತಾರೀಖು ಸೆಲ್‌ನ ಬಲಕ್ಕೆ ಅಂಟಿಕೊಳ್ಳುತ್ತದೆ, ಪಠ್ಯ ಎಡಕ್ಕೆ. ಕಾಲಂನ ಮೇಲಿನ ಭಾಗವೆಲ್ಲ ಬಲಕ್ಕೆ, 13ರಿಂದ ಮುಂದೆ ಎಡಕ್ಕೆ. ಈಗ ಯಾರದೇ ಶೀಟ್ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ಪ್ರೋಗ್ರಾಂ ತಿದ್ದುವಾಗ ಪ್ರತಿ ಸೆಲ್‌ನ ಮೌಲ್ಯ ಯಾವ ಜಾತಿಯದು ಅಂತ ಮೊದಲು ನೋಡುವ ಹಾಗೆ ಮಾಡಿದೆ. ಸೆಲ್‌ಗೆ ತಾರೀಖಿನ ಫಾರ್ಮ್ಯಾಟ್ ಇದ್ದರೆ ಓಪನ್‌ಪೈಎಕ್ಸೆಲ್ ತಾನೇ ಪೈಥಾನ್‌ನ ಡೇಟ್‌ಟೈಮ್, ಅಂದರೆ ತಾರೀಖಿನ ರೂಪದ ಮೌಲ್ಯ, ಕೊಡುತ್ತದೆ. ಫಾರ್ಮ್ಯಾಟ್ ಜನರಲ್ (ಯಾವ ವಿಶೇಷ ವೇಷವೂ ಇಲ್ಲದ್ದು) ಆಗಿದ್ದರೆ 45383 ಅಂತ ಬರೀ ಸಂಖ್ಯೆ ಬರುತ್ತದೆ. ಅದನ್ನು ಲೈಬ್ರರಿಯಲ್ಲೇ ಇರುವ ಫಂಕ್ಷನ್‌ನಿಂದ ಬದಲಿಸಿಕೊಂಡೆ. ಕೈಯಾರೆ ಮಾಡುವವರು 1899ರ ಡಿಸೆಂಬರ್ 30ಕ್ಕೆ ಆ ಸಂಖ್ಯೆಯಷ್ಟು ದಿನ ಕೂಡಬೇಕು. ಡಿಸೆಂಬರ್ 31 ಬಿಟ್ಟು ಒಂದು ದಿನ ಹಿಂದೆ ಯಾಕೆ ಅಂದರೆ, 1900ರಲ್ಲಿ ಇಲ್ಲದ ಫೆಬ್ರವರಿ 29 ಅನ್ನು ಎಕ್ಸೆಲ್ ಎಣಿಸುತ್ತದೆ. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂನ ತಪ್ಪು ಅದು, ಹೊಂದಾಣಿಕೆಗೆಂದು ಹಾಗೆಯೇ ಉಳಿಸಿಕೊಂಡರು. 1904ರಿಂದ ಎಣಿಸುವ ಫೈಲುಗಳೂ ಇವೆ, ಹಳೆಯ ಮ್ಯಾಕ್‌ನವು. ಅಲ್ಲಿ 1462 ದಿನ ವ್ಯತ್ಯಾಸ ಬರುತ್ತದೆ, ಅದಕ್ಕೆ ಫೈಲ್ ಯಾವ ಎಣಿಕೆಯದು ಅಂತ ಕೇಳಿಯೇ ಮುಂದುವರಿಯಬೇಕು.

ಪಠ್ಯವಾದರೆ ಗೆರೆ, ಚುಕ್ಕೆ, ಓರೆಗೆರೆ ಇರುವಲ್ಲಿ ಒಡೆದು ಮೂರು ತುಂಡು ಮಾಡುತ್ತೇನೆ. ದಿನ, ತಿಂಗಳು, ನಾಲ್ಕಂಕಿಯ ವರ್ಷ, ಇದೇ ಕ್ರಮ. ಬೇರೆ ಥರ ಇದ್ದರೆ ಸಾಲಿನ ನಂಬರ್ ಹೇಳಿ ಪ್ರೋಗ್ರಾಂ ನಿಲ್ಲುತ್ತದೆ. ಪೈಥಾನ್‌ನ ಇನ್ನೊಂದು ಲೈಬ್ರರಿ ಪಾಂಡಾಸ್‌ನಲ್ಲಿ ದಿನ ಮೊದಲು ಅಂತ ಹೇಳುವ ಆಯ್ಕೆ ಇದೆಯಲ್ಲ ಅಂತ ಕೇಳಬಹುದು. ಅದು ಕಟ್ಟುನಿಟ್ಟಲ್ಲ. 04/13/2024 ಸಿಕ್ಕರೆ ಅದನ್ನೂ ಏಪ್ರಿಲ್ 13 ಅಂತ ಒಪ್ಪಿಕೊಳ್ಳುತ್ತದೆ. ದುಡ್ಡಿನ ಲೆಕ್ಕದಲ್ಲಿ ಊಹೆ ಮಾಡುವ ಸಾಧನ ಬೇಡ, ಫಾರ್ಮ್ಯಾಟ್ ಬರೆದೇ ಕೊಡಿ.

ಒಂದು ಶೀಟಿನಲ್ಲಿ ಯಾರೋ ನುಡಿ ತಂತ್ರಾಂಶದಲ್ಲಿ ಕನ್ನಡ ಅಂಕಿ ಟೈಪ್ ಮಾಡಿದ್ದರು, ೧೩-೦೪-೨೦೨೪ ಅಂತ. ಪಠ್ಯದಿಂದ ತಾರೀಖು ಓದುವ ಪೈಥಾನ್‌ನ ಸ್ಟ್ರಿಪ್‌ಟೈಮ್ ಅದನ್ನು ಒಪ್ಪಲಿಲ್ಲ. ಆದರೆ ತುಂಡು ಮಾಡಿ, ಪಠ್ಯವನ್ನು ಸಂಖ್ಯೆ ಮಾಡುವ ಇಂಟ್‌ಗೆ ಕೊಟ್ಟರೆ ೧೩ ಸಲೀಸಾಗಿ 13 ಆಯಿತು! ಯೂನಿಕೋಡ್‌ನಲ್ಲಿ ದಶಮಾಂಶ ಅಂಕಿ ಅಂತ ಗುರುತಿಸಿರುವ ಯಾವ ಲಿಪಿಯ ಅಂಕಿಯನ್ನಾದರೂ ಇಂಟ್ ಓದುತ್ತದೆ. ಅವತ್ತು ನನಗೆ ತುಂಬ ಖುಷಿಯಾಯಿತು. ಎರಡಂಕಿಯ ವರ್ಷ ಬೇಡ ಅನ್ನುವುದಕ್ಕೂ ಕಾರಣವಿದೆ. ಪೈಥಾನ್ 00ರಿಂದ 68ರವರೆಗೆ 2000ದ ಮೇಲೆ ಅಂತ ತಿಳಿಯುತ್ತದೆ. 1945ರಲ್ಲಿ ಹುಟ್ಟಿದ ಸದಸ್ಯರನ್ನು 45 ಅಂತ ಬರೆದರೆ 2045ಕ್ಕೆ ಹೋಗುತ್ತಾರೆ.

ಇನ್ನು ಹಾಳಾದ ಏಪ್ರಿಲ್ ಶೀಟ್. ದಿನ, ತಿಂಗಳು ಅದಲುಬದಲು ಮಾಡಿದರೆ ಸರಿಹೋಗುತ್ತದೆ ಅಂತ ಗೊತ್ತಿತ್ತು. ಆದರೂ ಪ್ರೋಗ್ರಾಂ ತಾನೇ ಬದಲಿಸುವುದು ನನಗೆ ಇಷ್ಟವಾಗಲಿಲ್ಲ. ಒಂದು ಪಟ್ಟಿ ತೆಗೆದೆ: ಸೆಲ್‌ನಲ್ಲಿರುವ ತಾರೀಖು, ಇರಬೇಕಾದ ತಾರೀಖು, ಆ ದಿನದ ಒಟ್ಟು ಲೀಟರ್. ಹನ್ನೊಂದು ಸಾಲು. ಮಾವ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದರು. ಆಮೇಲೆಯೇ ಬದಲಿಸಿದ್ದು.

ಕಂಪ್ಯೂಟರ್‌ನ ರೀಜನ್ ಇಂಡಿಯಾ ಮಾಡಿದೆವು. ಅದರಿಂದ ಮುಂದೆ ಟೈಪ್ ಮಾಡುವುದು ಸರಿಹೋಗುತ್ತದೆ, ಒಳಗೆ ಕೂತ ಹಳೆಯ ಸಂಖ್ಯೆ ಬದಲಾಗುವುದಿಲ್ಲ. ತಾರೀಖಿನ ಕಾಲಂ 01-ಏಪ್ರಿಲ್-2024 ಅನ್ನುವ ಥರ ತಿಂಗಳ ಹೆಸರಿನಲ್ಲಿ ಕಾಣುವಂತೆ ಮಾಡಿದೆವು. ಈಗ ಜನವರಿ ಬಂದರೆ ಕಣ್ಣಿಗೆ ಹೊಡೆಯುತ್ತದೆ. ಅವಧಿಯ ಹೊರಗಿನ ತಾರೀಖು ಬೀಳದ ಹಾಗೆ ಎಕ್ಸೆಲ್‌ನ ಡೇಟಾ ವ್ಯಾಲಿಡೇಷನ್, ಅಂದರೆ ಟೈಪ್ ಮಾಡುವಾಗಲೇ ತಡೆಯುವ ನಿಯಮ, ಹಾಕಿದೆ. ಬೇರೆ ಕಡೆಯಿಂದ ಪೇಸ್ಟ್ ಮಾಡಿದರೆ ಅದು ತಡೆಯುವುದಿಲ್ಲ, ಹಾಗಾಗಿ ಪ್ರೋಗ್ರಾಂನಲ್ಲೂ ಅದೇ ತಪಾಸಣೆ ಇದೆ. ಪ್ರತಿ ತಾರೀಖಿಗೂ ಬೆಳಿಗ್ಗೆ, ಸಂಜೆ ಎರಡೂ ಹೊತ್ತಿನ ಹಾಲು ಇದೆಯೇ ಅಂತಲೂ ನೋಡುತ್ತದೆ.

ಪರೀಕ್ಷೆಗೆ ಇಟ್ಟುಕೊಂಡಿರುವ ಫೈಲನ್ನೂ ಬದಲಿಸಿದೆ. ಅದರಲ್ಲಿ ಈಗ 1ರಿಂದ 12ರವರೆಗಿನ ತಾರೀಖು, 13ರ ನಂತರದ್ದು, ಜನರಲ್ ಫಾರ್ಮ್ಯಾಟಿನ ಸಂಖ್ಯೆ, ಖಾಲಿ ಸೆಲ್, ಕನ್ನಡ ಅಂಕಿ ಎಲ್ಲ ಇವೆ. ಏಪ್ರಿಲ್‌ನ ಆ ಬಟವಾಡೆ ಒಂದು ದಿನ ತಡವಾಗಿ ಆಯಿತು, ಹದಿನೈದೂ ದಿನದ ಲೆಕ್ಕ ಸೇರಿಸಿ.